ಮೂರು ಪೆಟ್ಟು, ಒಂದು ತಡೆ

ಅಪ್ಪನ ಬಲಗೈ ಮಲಗಿದ್ದು ಚೌತಿಯ ಹಿಂದಿನ ದಿನ.
ಮರುದಿನದಿಂದ ಇಗರ್ಜಿಯ ಬೆಳಗಿನ ಹಗ್ಗ ನನ್ನ ಪಾಲು.

"ಮೂರು ಪೆಟ್ಟು" ಅಂದ, ಬಾಯಿಯ ಎಡ ಮೂಲೆಯಿಂದ,
"ಆಮೇಲೆ ತಡೆ. ಮನಸಿನಲ್ಲಿ ಒಂದು ನಮೋ ಮರಿಯಾ.
ಮತ್ತೆ ಮೂರು. ಮತ್ತೆ ತಡೆ.
ಮತ್ತೆ ಮೂರು, ತಡೆ. ಕೊನೆಗೆ ಒಂಬತ್ತು, ಬಿಡದೆ."
ಇಷ್ಟು ಹೇಳಲು ಅವನಿಗೆ
ಒಂದು ಬಟ್ಟಲು ಗಂಜಿ ಆರುವಷ್ಟು ಹೊತ್ತು.

ನಾನು ಕಾರವಾರದ ಕೋರ್ಟಿನೆದುರು ಜೆರಾಕ್ಸ್ ಅಂಗಡಿಯವಳು.
ನಿಮಿಷಕ್ಕೆ ಇಪ್ಪತ್ತೆರಡು ಪ್ರತಿ.
ಬೆಳಕು ಅತ್ತ ಹೋಗಿ ಇತ್ತ ಬರುವುದರೊಳಗೆ
ಯಾರದೋ ಜಮೀನು, ಯಾರದೋ ಜಗಳ,
ಕೈಗೆ ಬಿಸಿ ಕಾಗದ.
ಕಾಲೋನಿಗೆ ಇರುವುದು ಒಂದೇ ಬಸ್ಸು, ಆರೂ ಹತ್ತಕ್ಕೆ.
ಗಂಟೆ ಆರಕ್ಕೆ.
ಮೂರು ಹೊಡೆದೆ ಮೂರು ಹೊಡೆದೆ ಮೂರು ಒಂಬತ್ತು,
ಮುಗಿಯಿತು, ಚಪ್ಪಲಿ ಮೆಟ್ಟಿದೆ.

ಬುಟ್ಟಿ ಹೊತ್ತು ಬೈತಖೋಲಕ್ಕೆ ಹೊರಟ ಗುಲಾಬಿ ಹರಿಕಂತ್ರ
ನಡುರಸ್ತೆಯಲ್ಲಿ ಹಿಡಿದಳು:
"ಏನೇ, ಗಂಟೆಯನ್ನು ನಾಯಿ ಅಟ್ಟಿಸಿಕೊಂಡು ಬಂತೇ?
ಬಸ್ತ್ಯಾಂವ ಮಾಮನ ಮೊದಲ ಪೆಟ್ಟಿಗೆ ಚಾ ಇಟ್ಟರೆ
ಕೊನೆಯ ಪೆಟ್ಟಿಗೆ ಉಕ್ಕಿ ಬರುತ್ತಿತ್ತು.
ಇವತ್ತು ಬರೀ ಬೆಚ್ಚನೆ ನೀರು ಕುಡಿದೆ."

ಹಳೆಯ ಊರಿನ ಗಂಟೆ ಇದು,
ನೌಕಾನೆಲೆಯ ಬೇಲಿಯಾಚೆ ಉಳಿದ ಊರಿನದು.
ಲಾರಿಗೆ ಹೇರುವಾಗ ಅಪ್ಪ ತನ್ನ ಮದುವೆಯ ಕೋಟು ಬಿಚ್ಚಿ
ಅದರ ನಾಲಗೆಗೆ ಸುತ್ತಿ ಕಟ್ಟಿದ್ದನಂತೆ,
ದಾರಿಯುದ್ದ ಬಾಯಿ ಬಿಡಬಾರದೆಂದು.
ನಾನಾಗ ಅವ್ವನ ಹೊಟ್ಟೆಯಲ್ಲಿ.
ಪರಿಹಾರದ ಅರ್ಜಿ ನನಗಿಂತ ಆರು ತಿಂಗಳು ಚಿಕ್ಕದು.
ಇಬ್ಬರು ವಕೀಲರು ತೀರಿಕೊಂಡರು.
ಅವ್ವನೂ.
ಮುಂದಿನ ತಾರೀಖು, ಅದರ ಮುಂದಿನ ತಾರೀಖು.
ಆ ಕಡತವನ್ನು ನಾನೇ ಎಷ್ಟು ಸಲ ಪ್ರತಿ ತೆಗೆದಿಲ್ಲ,
ಪ್ರತಿಯ ಪ್ರತಿಯಲ್ಲಿ ಅಪ್ಪನ ಹೆಬ್ಬೆಟ್ಟು
ಸಲಕ್ಕೊಂದಿಷ್ಟು ಮಸುಕಾಗುತ್ತ.

ದೇವರ ಗಡಿಯಾರ ಬೇರೆ, ಎನ್ನುತ್ತಾರೆ ಪಾದ್ರಿ.
ಅದಕ್ಕೂ ಸ್ಟೇ ಇದೆಯೇ, ಕೇಳಿದೆ.
ನಕ್ಕರು. ಉತ್ತರ ಹೇಳಲಿಲ್ಲ.
ಹೇಳದಿದ್ದದ್ದೇ ನನಗೆ ಹಿಡಿಸಿತು.

ಮನೆಯಲ್ಲಿ ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು.
ಹೊತ್ತು ಅಂದರೆ ವೇಳೆ, ಅಂದರು ಟೀಚರು.
ಹೊತ್ತು ಅಂದರೆ ತಲೆಯ ಮೇಲೆ ಇಟ್ಟುಕೊಂಡು, ಅಂತಲೂ.
ಎರಡಕ್ಕೂ ಒಂದೇ ಮಾತು ಯಾಕೆಂದು ಕೇಳಿ
ಹಿಂದಿನ ಬೆಂಚಿಗೆ ಹೋದವಳು ನಾನು.

ಅಪ್ಪ ಈಗ ಎಡಗೈಯಿಂದ ಬಲಗೈಯ ಬೆರಳು ಬಿಡಿಸುತ್ತಾನೆ,
ಬಲೆಯ ಸಿಕ್ಕು ಬಿಡಿಸಿದ ಹಾಗೆ, ಒಂದೊಂದೇ.
ಎಳೆದರೆ ಹರಿಯುತ್ತದೆ ಎಂದು ಬಲ್ಲವನ ಕೈ.
ಸಹಾಯಕ್ಕೆ ಹೋದರೆ ಕಣ್ಣಲ್ಲೇ ಬೈಯುತ್ತಾನೆ.
ಕಿರುಬೆರಳು ತೆರೆಯಲು ಆಗಮನ ಕಾಲದ
ನಾಲ್ಕೂ ಭಾನುವಾರ ಹಿಡಿದವು.
ಉಂಗುರದ ಬೆರಳು ಇನ್ನೂ ಎದ್ದಿಲ್ಲ.

ಇವತ್ತು ಬೆಳಿಗ್ಗೆ
ಮೂರು ಹೊಡೆದು ಹಗ್ಗ ಹಿಡಿದು ನಿಂತೆ.
ನನ್ನ ನಮೋ ಮರಿಯಾ ಮುಗಿದುಹೋಗಿತ್ತು.
ಬೇಲಿಯಾಚೆ ಕಡಲು ಇಳಿಯುತ್ತಿತ್ತು,
ನಾವು ನೋಡಲಾಗದ ನಮ್ಮ ದಂಡೆಯಿಂದ.
ಗಂಟೆಯ ಗುಂಯ್ ತಗಡಿನ ಮಾಡು ದಾಟಿ
ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ,
ಅದರ ಅಡಿಯಿಂದ ಇನ್ನೊಂದು ದನಿ ಕೇಳಿತು:
ಅಂಗಳದ ಮಂಚದಲ್ಲಿ ಅಪ್ಪ,
ಅರ್ಧ ಬಾಯಿಯಲ್ಲಿ ಅದೇ ಪ್ರಾರ್ಥನೆ,
ಒಂದು ಪದ, ಉಸಿರು, ಇನ್ನೊಂದು ಪದ,
"ಈಗಲೂ" ಎಂಬಲ್ಲಿ ಎಡವಿ,
ಹಿಂದಕ್ಕೆ ಹೋಗಿ, ಮತ್ತೆ "ಈಗಲೂ".

ಕಾಲೋನಿಯ ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆಯಿತು.

ಅವನ ಆಮೆನ್ ಬರುವ ತನಕ
ನಾಲ್ಕನೆಯ ಪೆಟ್ಟು ನನ್ನ ಅಂಗೈಯಲ್ಲೇ ಇರಲಿ.
ಗುಲಾಬಿಯ ಚಾ ಉಕ್ಕಿ
ಒಲೆ ಆರಿದರೂ ಆರಲಿ.